ಹೆದರಿಕೆಯೇ ಆಗಲ್ಲ ಅನ್ನುವವರು ನಿಜಕ್ಕೂ ಏನು ಹೇಳುತ್ತಿದ್ದಾರೆ?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಹಳೇ ಬಂಗಲೆ ಇದೆ. ರೋಸೆನ್‌ಹೈಮ್ ಮ್ಯಾನ್ಷನ್ ಅಂತ ಅದರ ಹೆಸರು. ಕಟ್ಟಿ ನೂರು ವರ್ಷದ ಮೇಲಾಯ್ತು. 2011ರ ಅಕ್ಟೋಬರ್‌ನಲ್ಲಿ ಎಫ್‌ಎಕ್ಸ್ ಚಾನೆಲ್‌ನಲ್ಲಿ ಶುರುವಾದ ‘ಅಮೆರಿಕನ್ ಹಾರರ್ ಸ್ಟೋರಿ’ ಸರಣಿಯ ಮೊದಲ ಸೀಸನ್‌ನಲ್ಲಿ ದೆವ್ವದ ಮನೆ ಅಂತ ಕಾಣುವುದು ಇದೇ ಬಂಗಲೆ. ಆಮೇಲೆ ಅದನ್ನು ಕೊಂಡುಕೊಂಡ ದಂಪತಿ 2018ರಲ್ಲಿ ಕೋರ್ಟಿಗೆ ಹೋದರು. ಯಾರ್ಯಾರೋ ಬಂದು ಮನೆ ಮುಂದೆ ನಿಲ್ಲುತ್ತಾರೆ, ಕೆಲವರು ಒಳಗೇ ನುಗ್ಗುತ್ತಾರೆ, ಮನೆ ಮಾರುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ ಅನ್ನುವುದು ಅವರ ದೂರು.

ಆ ಮನೆಯ ಕಥೆ 12 ಎಪಿಸೋಡಿಗೆ ಮುಗಿದಿತ್ತು. ಮುಂದಿನ ವರ್ಷಗಳಲ್ಲಿ ಸರಣಿ ಹುಚ್ಚಾಸ್ಪತ್ರೆಗೆ ಹೋಯಿತು, ಮಾಟಗಾತಿಯರ ಶಾಲೆಗೆ ಹೋಯಿತು, ಊರೂರು ಸುತ್ತುವ ಪ್ರದರ್ಶನದ ಡೇರೆಗೆ ಹೋಯಿತು, ಹೋಟೆಲಿಗೂ ಹೋಗಿ ಬಂತು. ಆದರೂ ಜನ ಆ ಮೊದಲ ಮನೆಯ ಗೇಟು ಬಿಟ್ಟಿರಲಿಲ್ಲ. ಇದೇ ಅಭಿಮಾನಿಗಳು ಪ್ರತಿ ಹೊಸ ಸೀಸನ್ ಬಂದಾಗಲೂ ಹೇಳುವ ಮಾತು ಒಂದೇ: “ಮೊದಲಿನ ಹಾಗಿಲ್ಲ. ಈಗ ಹೆದರಿಕೆಯೇ ಆಗಲ್ಲ.” ಹೇಳುತ್ತಾರೆ, ಮುಂದಿನ ವರ್ಷ ಮತ್ತೆ ನೋಡುತ್ತಾರೆ, ಮತ್ತೆ ಅದನ್ನೇ ಹೇಳುತ್ತಾರೆ. ನಾನೂ ಹಾಗೆ ಹೇಳಿದ್ದೇನೆ, ಒಂದಲ್ಲ ನಾಲ್ಕು ಸಲ.

ಬಹಳ ದಿನ ಈ ಮಾತನ್ನು ಇದ್ದ ಹಾಗೇ ನಂಬಿದ್ದೆ. ದೆವ್ವ ಸರಿ ಇಲ್ಲ, ರಕ್ತ ಕಮ್ಮಿ, ಕತ್ತಲೆ ಸಾಲದು ಅಂದುಕೊಂಡಿದ್ದೆ. ಹಳೇ ಸೀಸನ್‌ಗಳನ್ನು ಮತ್ತೆ ಕೂತು ನೋಡಿದ ಮೇಲೆ ಬೇರೆ ಅನಿಸಿತು. ಹೆದರಿಕೆ ಆಗಲ್ಲ ಅನ್ನುವವರಲ್ಲಿ ಬಹಳಷ್ಟು ಜನ ಹೇಳುತ್ತಿರುವುದು, “ಯಾರಿಗೋಸ್ಕರ ಹೆದರಬೇಕು ಅಂತ ಗೊತ್ತಾಗುತ್ತಿಲ್ಲ” ಅಂತ. ಇದನ್ನು ಬಿಡಿಸಿ ಹೇಳಲು ಕೆಲವು ಸೀಸನ್‌ಗಳ ಕೊನೆ ಹೇಳಲೇಬೇಕು. ಇನ್ನೂ ನೋಡದವರು ಇದ್ದರೆ ಮೊದಲೇ ತಿಳಿಸಿಬಿಡುತ್ತೇನೆ.

ಮೊದಲು ಸರಣಿಯ ಸ್ವರೂಪ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿ ನೋಡಿದವರಿಗೆ ‘ಝೀ ಹಾರರ್ ಶೋ’, ‘ಆಹಟ್’ ನೆನಪಿರುತ್ತೆ. ಒಂದು ಕಥೆ ಮುಗಿದರೆ ಇನ್ನೊಂದು ಶುರು. ಹೊಸ ಜನ, ಹೊಸ ಮನೆ, ಹೊಸ ದೆವ್ವ. ಅಮೆರಿಕದಲ್ಲೂ 1959ರ ‘ದಿ ಟ್ವೈಲೈಟ್ ಝೋನ್’ ಕಾಲದಿಂದ ಇದೇ ಪದ್ಧತಿ ಇತ್ತು. ಈ ಸರಣಿಯನ್ನು ಹುಟ್ಟುಹಾಕಿದ ರಯಾನ್ ಮರ್ಫಿ ಮತ್ತು ಬ್ರಾಡ್ ಫಾಲ್ಚಕ್ ಅದನ್ನು ದೊಡ್ಡದು ಮಾಡಿದರು. ಒಂದು ಇಡೀ ಸೀಸನ್‌ಗೆ ಒಂದು ಕಥೆ. ಮುಂದಿನ ವರ್ಷ ಊರು, ಕಾಲ, ಪಾತ್ರ ಎಲ್ಲ ಬೇರೆ. ಆದರೆ ನಟನಟಿಯರು ಮಾತ್ರ ಹೆಚ್ಚುಕಮ್ಮಿ ಅವರೇ. ಮೊದಲ ವರ್ಷ ಪಕ್ಕದ ಮನೆಯ ಹೆಂಗಸಾಗಿದ್ದ ಜೆಸ್ಸಿಕಾ ಲ್ಯಾಂಗ್ ಮುಂದಿನ ವರ್ಷ ಕ್ರೈಸ್ತ ಸನ್ಯಾಸಿನಿ. ದೆವ್ವವಾಗಿದ್ದ ಇವಾನ್ ಪೀಟರ್ಸ್ ಮುಂದಿನ ವರ್ಷ, ಮಾಡದ ಕೊಲೆಗೆ ಹುಚ್ಚಾಸ್ಪತ್ರೆ ಸೇರಿದ ಬಡಪಾಯಿ.

ಯಕ್ಷಗಾನ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತೆ. ಮೇಳ ಅದೇ, ಪ್ರಸಂಗ ಬೇರೆ. ನಿನ್ನೆ ಕೌರವನಾಗಿ ಬಂದವರು ಇವತ್ತು ಭಸ್ಮಾಸುರ. ಚೌಕಿಯ ಹತ್ತಿರ ನಿಂತವರು “ಇವತ್ತು ಯಾವ ಪ್ರಸಂಗ” ಅಂತ ಕೇಳಿದ ಹಿಂದೆಯೇ “ಯಾರ್ಯಾರು ಇದ್ದಾರೆ” ಅಂತ ಕೇಳುತ್ತಾರೆ. ಅಮೆರಿಕದ ಟಿವಿ ಪ್ರೇಕ್ಷಕರಿಗೆ 2011ರಲ್ಲಿ ಇಂಥ ರೂಢಿ ಇರಲಿಲ್ಲ. ಈ ಸರಣಿ ಅವರಿಗೆ ಅದನ್ನು ಕಲಿಸಿತು. ಕಲಿತ ಮೇಲೆ ಅವರು ಹೋಲಿಸಲು ಶುರು ಮಾಡಿದರು. ಹೋಲಿಕೆ ಶುರುವಾದ ಮೇಲೆ ನಿಲ್ಲುವುದಿಲ್ಲ, ಅಲ್ವಾ?

ಮೊದಲ ಸೀಸನ್ ‘ಮರ್ಡರ್ ಹೌಸ್’. ಬಿರುಕು ಬಿಟ್ಟ ಒಂದು ಸಂಸಾರ ಹೊಸ ಊರಿನಲ್ಲಿ ಹೊಸ ಬಾಳು ಶುರು ಮಾಡೋಣ ಅಂತ ಮನೆ ಕೊಳ್ಳುತ್ತದೆ. ಆ ಮನೆಯಲ್ಲಿ ಸತ್ತವರು ಅಲ್ಲಿಂದ ಹೊರಗೆ ಹೋಗುವಂತಿಲ್ಲ. ಕೊನೆಗೆ ಇಡೀ ಸಂಸಾರ ಸತ್ತು, ಸತ್ತ ಮೇಲೇ ಒಂದಾಗುತ್ತದೆ. ದೆವ್ವಗಳಾಗಿ ಕ್ರಿಸ್ಮಸ್ ಮರ ಅಲಂಕಾರ ಮಾಡುತ್ತಾರೆ. ಮೊದಲ ಎಪಿಸೋಡನ್ನು ಟಿವಿ ಮುಂದೆ ಕೂತು ನೋಡಿದವರು ಸುಮಾರು 32 ಲಕ್ಷ. ಮೂರು ವರ್ಷದ ನಂತರ, 2014ರ ಅಕ್ಟೋಬರ್‌ನಲ್ಲಿ ‘ಫ್ರೀಕ್ ಶೋ’ ಶುರುವಾದಾಗ ಆ ಸಂಖ್ಯೆ ಸುಮಾರು 61 ಲಕ್ಷಕ್ಕೆ ಏರಿತ್ತು. ಅಲ್ಲಿಂದ ಇಳಿಯಿತು. 2019ರ ‘1984’ ಸೀಸನ್‌ನ ಮೊದಲ ರಾತ್ರಿಗೆ ಸುಮಾರು 21 ಲಕ್ಷ. ಈ ಇಳಿತಕ್ಕೆ ಸರಣಿಯನ್ನು ಮಾತ್ರ ದೂರಬಾರದು. ಆ ವರ್ಷಗಳಲ್ಲಿ ಅಮೆರಿಕದ ಜನ ಕೇಬಲ್ ಬಿಟ್ಟು ತಮಗೆ ಬೇಕಾದಾಗ ಆನ್‌ಲೈನ್‌ನಲ್ಲಿ ನೋಡಲು ಶುರು ಮಾಡಿದ್ದರು. ಎಲ್ಲ ಕೇಬಲ್ ಚಾನೆಲ್‌ಗಳದ್ದೂ ಅದೇ ಪಾಡು. ಆದರೂ ಪ್ರೇಕ್ಷಕರ ಬೇಸರ ಸುಳ್ಳಲ್ಲ.

ಈಗ ಎರಡನೇ ಸೀಸನ್‌ಗೆ ಬರೋಣ. ‘ಅಸೈಲಮ್’, 2012. ಅಭಿಮಾನಿಗಳಲ್ಲಿ ಬಹಳಷ್ಟು ಜನ ಇವತ್ತಿಗೂ ಇದನ್ನೇ ಮೊದಲ ಸ್ಥಾನದಲ್ಲಿ ಇಡುತ್ತಾರೆ. ಕಾಗದದ ಮೇಲೆ ನೋಡಿದರೆ ಇದು ಗೆಲ್ಲಬಾರದಿತ್ತು. 1964ರ ಮ್ಯಾಸಚೂಸೆಟ್ಸ್‌ನ ಒಂದು ಹುಚ್ಚಾಸ್ಪತ್ರೆ. ಅದನ್ನು ನಡೆಸುವುದು ಚರ್ಚ್. ಅದರೊಳಗೆ ನಾಜಿ ವೈದ್ಯ ಇದ್ದಾನೆ. ಹೆಂಗಸರ ಚರ್ಮ ಸುಲಿಯುವ ಕೊಲೆಗಾರ ಇದ್ದಾನೆ. ದೆವ್ವ ಹಿಡಿದ ಸನ್ಯಾಸಿನಿ ಇದ್ದಾಳೆ. ಸಾಲದು ಅಂತ ಅನ್ಯಗ್ರಹದ ಜೀವಿಗಳೂ ಬರುತ್ತವೆ. ತುಂಬಾ ತುರುಕಿದ್ದಾರೆ ಅನ್ನುವ ದೂರು ಆಗಲೂ ಇತ್ತು. ನನಗೂ ಮೊದಲ ಸಲ ಹಾಗೇ ಅನಿಸಿತ್ತು. ಅನ್ಯಗ್ರಹದವರ ಭಾಗ ಈಗಲೂ ನನಗೆ ರುಚಿಸುವುದಿಲ್ಲ.

ಆದರೆ ಈ ಗೊಂದಲದ ನಡುವೆ ಸಿಸ್ಟರ್ ಜೂಡ್ ಇದ್ದಾಳೆ. ಜೆಸ್ಸಿಕಾ ಲ್ಯಾಂಗ್ ಮಾಡಿದ ಪಾತ್ರ. ಶುರುವಿನಲ್ಲಿ ಅವಳನ್ನು ಕಂಡರೆ ಸಿಟ್ಟು ಬರುತ್ತೆ. ಕೈಯಲ್ಲಿ ಬೆತ್ತ, ಮಾತಿನಲ್ಲಿ ವಿಷ. ಸುದ್ದಿ ಹುಡುಕಿ ಬಂದ ಲಾನಾ ವಿಂಟರ್ಸ್ ಅನ್ನುವ ಪತ್ರಕರ್ತೆ ಇನ್ನೊಬ್ಬ ಹೆಣ್ಣನ್ನು ಪ್ರೀತಿಸುತ್ತಾಳೆ ಅನ್ನುವುದನ್ನೇ ನೆಪ ಮಾಡಿಕೊಂಡು, ಅವಳನ್ನು ಅದೇ ಆಸ್ಪತ್ರೆಯಲ್ಲಿ ಕೂಡಿಹಾಕುವವಳು ಇದೇ ಜೂಡ್. ಆಮೇಲೆ ಅವಳ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ಕ್ಲಬ್‌ನಲ್ಲಿ ಹಾಡುತ್ತಿದ್ದವಳು. ಕುಡಿದು ಕಾರು ಓಡಿಸಿ ಒಂದು ಹುಡುಗಿಗೆ ಗುದ್ದಿ ಓಡಿಹೋದವಳು. ಆ ಮಗುವನ್ನು ತಾನು ಕೊಂದೆ ಅನ್ನುವ ಭಾರ ಹೊತ್ತೇ ಸನ್ಯಾಸಿನಿಯಾದವಳು. ಕೊನೆಗೆ ಅದೇ ಆಸ್ಪತ್ರೆಯವರು ಅವಳನ್ನೇ ರೋಗಿ ಮಾಡಿ ಕರೆಂಟ್ ಶಾಕ್ ಕೊಡುತ್ತಾರೆ. ಶಾಕ್ ಕೊಟ್ಟ ಮೇಲೆ ಅವಳ ತಲೆಯೊಳಗೆ ಇಡೀ ವಾರ್ಡ್ ಎದ್ದು ಹಾಡಿ ಕುಣಿಯುತ್ತದೆ. ಆ ಹಾಡಿನ ದೃಶ್ಯವನ್ನು ಅಭಿಮಾನಿಗಳು ಇವತ್ತಿಗೂ ಹಂಚಿಕೊಳ್ಳುತ್ತಾರೆ. ನೋಡಲು ಖುಷಿಯ ಹಾಡು. ಅದು ಮುಗಿಯುವ ಹೊತ್ತಿಗೆ ಎದೆ ಹಿಂಡಿದ ಹಾಗಾಗುತ್ತೆ. ಆ ಹೆಂಗಸಿನ ಬುದ್ಧಿಯಲ್ಲಿ ಉಳಿದಿರುವುದು ಅಷ್ಟೇ ಅಂತ ನಮಗೆ ಗೊತ್ತಾಗಿರುತ್ತೆ.

ಅವಳ ಕೊನೆ ಇನ್ನೂ ಮುಖ್ಯ. ಅವಳ ಕೈಕೆಳಗೆ ಅದೇ ಆಸ್ಪತ್ರೆಯಲ್ಲಿ ನರಳಿದ ಕಿಟ್ ವಾಕರ್ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಅವನ ಮಕ್ಕಳ ಜೊತೆ ಜೂಡ್ ಕೆಲವು ತಿಂಗಳು ಬದುಕುತ್ತಾಳೆ. ಆ ಮನೆಯಲ್ಲೇ, ಮಕ್ಕಳ ನಡುವೆ ಸಾಯುತ್ತಾಳೆ. ಹಾರರ್ ಸರಣಿಯಲ್ಲಿ ಒಬ್ಬರು ನೆಮ್ಮದಿಯಾಗಿ ಹಾಸಿಗೆಯಲ್ಲಿ ಸಾಯುತ್ತಾರೆ, ನಾವು ಅಳುತ್ತೇವೆ. 13 ಎಪಿಸೋಡಿನಲ್ಲಿ ಒಬ್ಬ ಕ್ರೂರಿಯನ್ನು ಸ್ವಂತ ಚಿಕ್ಕಮ್ಮನ ಹಾಗೆ ಮಾಡಿದ ಕೆಲಸ ಅದು. ನಾಜಿ ವೈದ್ಯ, ಅನ್ಯಗ್ರಹ ಎಲ್ಲವನ್ನೂ ಪ್ರೇಕ್ಷಕರು ಕ್ಷಮಿಸಿದ್ದು ಇದಕ್ಕಾಗಿ ಅಂತ ನನ್ನ ನಂಬಿಕೆ.

2013ರ ‘ಕೋವನ್’ ಬಗ್ಗೆ ಅಭಿಮಾನಿಗಳಲ್ಲಿ ಇವತ್ತಿಗೂ ಎರಡು ಬಣ. ನ್ಯೂ ಆರ್ಲಿಯನ್ಸ್‌ನ ಮಾಟಗಾತಿಯರ ಶಾಲೆಯ ಕಥೆ. ಹುಡುಗಿಯರು ಕಪ್ಪು ಬಟ್ಟೆ, ಅಗಲ ಟೊಪ್ಪಿ ಹಾಕಿಕೊಂಡು ಆ ಪಾತ್ರಗಳ ಹಾಗೆ ಫೋಟೋ ತೆಗೆಸಿಕೊಂಡರು. ಸರಣಿಗೆ ಹೊಸ ಪ್ರೇಕ್ಷಕರು ಬಂದರು. 2014ರಲ್ಲಿ ಜೆಸ್ಸಿಕಾ ಲ್ಯಾಂಗ್‌ಗೂ ಕ್ಯಾಥಿ ಬೇಟ್ಸ್‌ಗೂ ಎಮ್ಮಿ ಪ್ರಶಸ್ತಿ ಬಂತು. ಆದರೆ ಇಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರ ಇದೆ. ಮ್ಯಾಡಿಸನ್ ಅನ್ನುವ ಮಾಟಗಾತಿ ಸಾಯುತ್ತಾಳೆ, ಏಳುತ್ತಾಳೆ. ಇನ್ನೊಬ್ಬರು ಸಾಯುತ್ತಾರೆ, ಅವರೂ ಏಳುತ್ತಾರೆ. ನಾಲ್ಕನೇ ಸಲಕ್ಕೆ ಸಾವು ಅಂದರೆ ನೆಗಡಿ ಬಂದಷ್ಟೇ ಆಗುತ್ತದೆ. ಹೆದರಿಕೆ ಆಗಲ್ಲ ಅನ್ನುವ ಮಾತು ಮೊದಲ ಸಲ ಜೋರಾಗಿ ಕೇಳಿದ್ದು ಆಗ. ಅದರಲ್ಲಿ ನ್ಯಾಯ ಇತ್ತು. ಎದ್ದು ಬರುವವರಿಗೋಸ್ಕರ ಯಾರು ಹೆದರುತ್ತಾರೆ?

ಮುಂದಿನ ವರ್ಷ ಟ್ವಿಸ್ಟಿ ಬಂದ. ‘ಫ್ರೀಕ್ ಶೋ’ ಸೀಸನ್‌ನ ಜೋಕರ್. ಜಾನ್ ಕ್ಯಾರಲ್ ಲಿಂಚ್ ಮಾಡಿದ ಪಾತ್ರ. ಕೊಳಕು ಬಟ್ಟೆ, ಮುಖದ ಕೆಳಭಾಗಕ್ಕೆ ಹಲ್ಲು ಕಿರಿದ ಮುಖವಾಡ. ಜನ ಎಷ್ಟು ಹೆದರಿದರು ಅಂದರೆ, ಅಮೆರಿಕದಲ್ಲಿ ಜೋಕರ್ ವೇಷ ಹಾಕಿ ಬದುಕುವವರ ಸಂಘವೇ ಬೇಸರ ಹೇಳಿಕೊಂಡಿತು. ನಮ್ಮನ್ನು ಕಂಡರೆ ಮಕ್ಕಳು ನಗಬೇಕು, ನೀವು ಓಡುವ ಹಾಗೆ ಮಾಡುತ್ತಿದ್ದೀರಿ ಅನ್ನುವುದು ಅವರ ಸಂಕಟ. ಒಂದು ಹೊಟ್ಟೆಪಾಡಿನ ಕಸುಬಿನವರು ಹೀಗೆ ಹೇಳಿದಾಗ ಅದನ್ನು ಹಗುರವಾಗಿ ನೋಡಬಾರದು ಅಂತ ನನಗೆ ಅನಿಸುತ್ತೆ.

ಟ್ವಿಸ್ಟಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಮುಖವಾಡ ಒಂದೇ ಕಾರಣ ಅಂತ ಅನಿಸುವುದಿಲ್ಲ. ನಾಲ್ಕನೇ ಎಪಿಸೋಡಿನಲ್ಲಿ ಅವನ ಕಥೆ ಗೊತ್ತಾಗುತ್ತದೆ. ಮಕ್ಕಳನ್ನು ನಗಿಸುವುದೇ ಬದುಕಾಗಿದ್ದ ಮನುಷ್ಯ. ಜೊತೆಯವರು ಸುಳ್ಳು ಅಪವಾದ ಹೊರಿಸಿ ಓಡಿಸಿದರು. ಸಾಯಲು ಹೋದ, ಅದೂ ಆಗಲಿಲ್ಲ, ದವಡೆ ಮಾತ್ರ ಹೋಯಿತು. ಕದ್ದು ತಂದ ಮಕ್ಕಳನ್ನು ತಾನು ಕಾಪಾಡುತ್ತಿದ್ದೇನೆ ಅಂತಲೇ ಅವನು ನಂಬಿದ್ದ. ಅಯ್ಯೋ ಪಾಪ ಅಂತ ನಮಗೆ ಅನಿಸುವ ಹೊತ್ತಿಗೆ ಅವನ ಕಥೆ ಮುಗಿಯುತ್ತದೆ. ಇನ್ನೂ 9 ಎಪಿಸೋಡ್ ಬಾಕಿ ಇತ್ತು. ಅಷ್ಟು ಬೇಗ ಅವನನ್ನು ಮುಗಿಸಿದ್ದು ಯಾಕೆ ಅಂತ ಪ್ರೇಕ್ಷಕರು ಇವತ್ತಿಗೂ ಕೇಳುತ್ತಾರೆ. ನೋಡಿ, ಅತಿ ಹೆಚ್ಚು ಹೆದರಿಸಿದ ಪಾತ್ರವೇ ಹೋದಮೇಲೆ ಜನಕ್ಕೆ ಬೇಕೆನಿಸಿದ ಪಾತ್ರ.

‘ಫ್ರೀಕ್ ಶೋ’ ಮುಗಿದ ಮೇಲೆ ಜೆಸ್ಸಿಕಾ ಲ್ಯಾಂಗ್ ಹೊರಟರು. ನಾಲ್ಕು ಸೀಸನ್‌ಗಳನ್ನು ಹೆಗಲ ಮೇಲೆ ಹೊತ್ತಿದ್ದ ಕಲಾವಿದೆ. ಮುಂದಿನ ‘ಹೋಟೆಲ್’ ಸೀಸನ್‌ಗೆ ಗಾಯಕಿ ಲೇಡಿ ಗಾಗಾ ಬಂದರು, ಗೋಲ್ಡನ್ ಗ್ಲೋಬ್ ಪ್ರಶಸ್ತಿಯನ್ನೂ ಪಡೆದರು. ಕಣ್ಣಿಗೆ ಹಬ್ಬ ಅನ್ನುವಂಥ ಸೀಸನ್. ಆದರೆ ‘ಲ್ಯಾಂಗ್ ಹೋದ ಮೇಲೆ’ ಅನ್ನುವುದು ಅಭಿಮಾನಿಗಳ ಮಾತಿನಲ್ಲಿ ಒಂದು ಕಾಲದ ಗುರುತೇ ಆಗಿಬಿಟ್ಟಿತು.

ಇನ್ನೊಂದು ಬದಲಾವಣೆಯನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ಐದು ಸೀಸನ್‌ಗಳಲ್ಲಿ 12 ಇಲ್ಲವೇ 13 ಎಪಿಸೋಡ್ ಇದ್ದವು. ‘ರೋನೋಕ್’ ಸೀಸನ್‌ನಿಂದ ಅದು 10ರ ಆಸುಪಾಸಿಗೆ ಬಂತು. ‘1984’ಕ್ಕೆ 9. 12ನೇ ಸೀಸನ್ ‘ಡೆಲಿಕೇಟ್’ಗೂ 9. ಬೇರೆ ಧಾರಾವಾಹಿಯಲ್ಲಾದರೆ ಎರಡು ಮೂರು ಎಪಿಸೋಡ್ ಕಮ್ಮಿಯಾದರೆ ನಷ್ಟ ಇಲ್ಲ. ಪಾತ್ರಗಳು ಮೊದಲೇ ಗೊತ್ತಿರುತ್ತವೆ. ಇಲ್ಲಿ ಪ್ರತಿ ವರ್ಷ ಸೊನ್ನೆಯಿಂದ ಶುರು. ಯಾರು ಇವರು, ಏನು ಕಳೆದುಕೊಂಡಿದ್ದಾರೆ, ಯಾಕೆ ಬದುಕಬೇಕು ಅನ್ನುವುದನ್ನು ಮೊದಲು ಕಟ್ಟಬೇಕು, ಆಮೇಲೆ ಹೆದರಿಸಬೇಕು. ಎಪಿಸೋಡ್ ಕಮ್ಮಿಯಾದಾಗ ಕಟ್ಟುವ ಭಾಗಕ್ಕೆ ಕತ್ತರಿ ಬೀಳುತ್ತೆ. ಸಿಸ್ಟರ್ ಜೂಡ್‌ಗೆ ಸಿಕ್ಕ ಸಮಯ ಮುಂದೆ ಬಂದವರಲ್ಲಿ ಯಾರಿಗೂ ಸಿಗಲಿಲ್ಲ.

‘ರೋನೋಕ್’ ಸೀಸನ್ ಒಂದು ಒಳ್ಳೇ ಪಾಠ. 2016ರಲ್ಲಿ ಚಾನೆಲ್‌ನವರು ಸೀಸನ್‌ನ ವಿಷಯವನ್ನೇ ಮುಚ್ಚಿಟ್ಟರು. ದಾರಿ ತಪ್ಪಿಸುವ ಟೀಸರ್‌ಗಳನ್ನು ಸಾಲಾಗಿ ಬಿಟ್ಟರು. ಮೊದಲ ರಾತ್ರಿಯವರೆಗೂ ಕಥೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಕುತೂಹಲ ಚೆನ್ನಾಗಿತ್ತು. ಆದರೆ ಮೊದಲ ಐದು ಎಪಿಸೋಡ್ ಸಾಕ್ಷ್ಯಚಿತ್ರದ ಹಾಗೆ ನಡೆಯುತ್ತೆ. ಅನುಭವಿಸಿದವರು ಕ್ಯಾಮೆರಾ ಮುಂದೆ ಕೂತು ಹೇಳುತ್ತಾರೆ, ನಟರು ಅದನ್ನು ಅಭಿನಯಿಸಿ ತೋರಿಸುತ್ತಾರೆ. ಕೂತು ಹೇಳುತ್ತಿದ್ದಾರೆ ಅಂದ ಮೇಲೆ ಅವರು ಬದುಕಿದ್ದಾರೆ ಅಂತ ಆಯ್ತಲ್ಲ! ಅರ್ಧ ಜನ ಅಲ್ಲೇ ಬಿಟ್ಟುಬಿಟ್ಟರು. ಆರನೇ ಎಪಿಸೋಡಿನಲ್ಲಿ ಆಟ ತಿರುಗುತ್ತದೆ. ಆ ಅನುಭವಸ್ಥರು ಮತ್ತು ಅವರ ಪಾತ್ರ ಮಾಡಿದ ನಟರು, ಎಲ್ಲರೂ ಒಟ್ಟಿಗೆ ಅದೇ ಮನೆಗೆ ಹೋಗುತ್ತಾರೆ. ಈ ಸಲ ಯಾರು ಉಳಿಯುತ್ತಾರೆ ಅಂತ ಗೊತ್ತಿಲ್ಲ. ಬಿಡದೆ ನೋಡಿದವರು ಆ ಎರಡನೇ ಅರ್ಧವನ್ನು ಸರಣಿಯ ಅತ್ಯಂತ ಭಯದ ಭಾಗಗಳಲ್ಲಿ ಒಂದು ಅನ್ನುತ್ತಾರೆ. ಮನೆ ಅದೇ, ದೆವ್ವಗಳೂ ಅವೇ. ಬದಲಾಗಿದ್ದು ನಮ್ಮ ಆತಂಕ ಮಾತ್ರ.

2017ರ ‘ಕಲ್ಟ್’ನಲ್ಲಿ ದೆವ್ವವೇ ಇಲ್ಲ. 2016ರ ಅಮೆರಿಕದ ಅಧ್ಯಕ್ಷ ಚುನಾವಣೆಯ ರಾತ್ರಿಯಿಂದ ಕಥೆ ಶುರು. ಪ್ರಸಾರಕ್ಕೆ ಮೊದಲೇ ಅದರ ಜಾಹೀರಾತುಗಳಿಗೆ ದೂರು ಬಂತು. ಜೇನುಗೂಡಿನ ಹಾಗೆ ಒತ್ತೊತ್ತಾಗಿ ತೂತುಗಳಿರುವ ಚಿತ್ರ ನೋಡಿದರೆ ಕೆಲವರಿಗೆ ಮೈ ಜುಮ್ಮೆನ್ನುತ್ತದೆ, ವಾಕರಿಕೆ ಬರುತ್ತದೆ. ಟ್ರೈಪೋಫೋಬಿಯಾ ಅಂತ ಅದನ್ನು ಕರೆಯುತ್ತಾರೆ. ಕಥಾನಾಯಕಿಗೆ ಆ ಭಯ ಇರುವುದರಿಂದ ಪೋಸ್ಟರ್‌ನಲ್ಲೂ ಅದೇ ಚಿತ್ರ. ಹಾರರ್ ನೋಡಲು ಕೂತವರು ಹೆದರಲು ಒಪ್ಪಿ ಕೂತಿರುತ್ತಾರೆ. ಸುಮ್ನೆ ಫೋನ್ ನೋಡುತ್ತಿದ್ದವರ ಮುಂದೆ ಇಂಥ ಚಿತ್ರ ಬಂದರೆ ಅವರು ಅದಕ್ಕೆ ಒಪ್ಪಿರಲಿಲ್ಲ. ಆ ದೂರು ನನಗೆ ಸರಿ ಅನಿಸುತ್ತೆ.

ಅದೇ ವರ್ಷ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದಲ್ಲಿ ಗುಂಡಿನ ದಾಳಿ ನಡೆಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದೇ ವಾರದ ಮೇಲೆ ಪ್ರಸಾರ ಆಗಬೇಕಿದ್ದ ‘ಕಲ್ಟ್’ ಎಪಿಸೋಡ್, ರಾಜಕೀಯ ಸಭೆಯೊಂದರ ಮೇಲೆ ಗುಂಡು ಹಾರಿಸುವ ದೃಶ್ಯದಿಂದ ಶುರುವಾಗುತ್ತಿತ್ತು. ಟಿವಿಯಲ್ಲಿ ಬರುವ ಪ್ರತಿಯಲ್ಲಿ ಆ ದೃಶ್ಯವನ್ನು ಕತ್ತರಿಸಿದರು. ಮೂಲ ಪ್ರತಿ ಬೇಕಾದವರಿಗೆ ಆನ್‌ಲೈನ್‌ನಲ್ಲಿ ಉಳಿಸಿದರು. ಸತ್ತವರ ಮನೆಯವರು ಇನ್ನೂ ಅಳುತ್ತಿರುವಾಗ ಅದು ಮಾಡಬೇಕಾದ ಕೆಲಸವೇ.

ಪ್ರೇಕ್ಷಕರ ಪ್ರೀತಿ ಯಾವಾಗಲೂ ಸರಿಯಾದ ಕಡೆಗೇ ಹೋಗುತ್ತೆ ಅಂತಲೂ ಇಲ್ಲ. ಟೇಟ್ ಲ್ಯಾಂಗ್‌ಡನ್ ವಿಷಯ ನೋಡಿ. ಮೊದಲ ಸೀಸನ್‌ನ ಹದಿಹರೆಯದ ದೆವ್ವ. ಬದುಕಿದ್ದಾಗ ತನ್ನ ಶಾಲೆಯಲ್ಲಿ ಜೊತೆಯ ಮಕ್ಕಳನ್ನು ಗುಂಡಿಟ್ಟು ಕೊಂದವನು. ಸತ್ತ ಮೇಲೆ ಕಪ್ಪು ರಬ್ಬರ್ ಉಡುಪಿನಲ್ಲಿ ಆ ಮನೆಯ ತಾಯಿಯ ಮೇಲೆ ಅತ್ಯಾಚಾರ ಮಾಡಿದವನು. ಆದರೆ ಆ ಮನೆಯ ಮಗಳು ವಯೊಲೆಟ್ ಜೊತೆ ಅವನ ಪ್ರೇಮವೂ ಇದೆ. ಇವಾನ್ ಪೀಟರ್ಸ್ ಅದನ್ನು ಎಷ್ಟು ಮೃದುವಾಗಿ ಮಾಡಿದರು ಅಂದರೆ, ಆ ಕಾಲದ ಹದಿಹರೆಯದವರು ಟಂಬ್ಲರ್ ಅನ್ನುವ ಜಾಲತಾಣದ ತುಂಬ ಅವನ ಚಿತ್ರ ಹಾಕಿಕೊಂಡರು. ಕೊಲಂಬೈನ್ ಶಾಲೆಯ 1999ರ ಹತ್ಯಾಕಾಂಡ ನೆನಪಿರುವ ದೇಶದಲ್ಲಿ ಇದು ನೋಯಿಸುವ ಸಂಗತಿ. ತಪ್ಪು ಮಕ್ಕಳದ್ದೇ ಅನ್ನಲಾರೆ. ಸರಣಿ ಅವನ ಒಂಟಿತನವನ್ನು ಹತ್ತಿರದಿಂದ ತೋರಿಸಿತು, ಸತ್ತ ಮಕ್ಕಳನ್ನು ಒಂದೇ ಒಂದು ಹ್ಯಾಲೋವೀನ್ ರಾತ್ರಿ ಕರೆತಂದಿತು. ಅವರು ಬಂದು ನಮ್ಮನ್ನು ಯಾಕೆ ಕೊಂದೆ ಅಂತ ಅವನನ್ನು ಕೇಳುತ್ತಾರೆ. ಅದು ಬಲವಾದ ದೃಶ್ಯ. ಅವರಿಗೆ ಇನ್ನೂ ನಾಲ್ಕು ದೃಶ್ಯ ಕೊಟ್ಟಿದ್ದರೆ ಪ್ರೇಕ್ಷಕರ ಮನಸ್ಸು ಎಲ್ಲಿ ನಿಲ್ಲುತ್ತಿತ್ತು ಅಂತ ಯೋಚಿಸುತ್ತೇನೆ.

2018ರ ‘ಅಪಾಕಲಿಪ್ಸ್’ ಸೀಸನ್‌ನಲ್ಲಿ ಸರಣಿ ಆ ಮನೆಗೆ ಮರಳಿತು. ಸರಣಿಯ ನಟಿ ಸಾರಾ ಪಾಲ್ಸನ್ ನಿರ್ದೇಶಿಸಿದ ಎಪಿಸೋಡ್. ಜೆಸ್ಸಿಕಾ ಲ್ಯಾಂಗ್ ಒಂದೇ ಎಪಿಸೋಡಿಗೆ ಬಂದು, ಆ ಪಕ್ಕದ ಮನೆಯ ಹೆಂಗಸು ಕಾನ್‌ಸ್ಟನ್ಸ್ ಆಗಿ ಮತ್ತೆ ಸಿಗರೇಟ್ ಹಚ್ಚಿದಾಗ ನನಗೂ ಕಣ್ಣು ತುಂಬಿತು. ಆದರೆ ಅದೇ ಎಪಿಸೋಡ್ ಒಂದು ಮಾತು ಹೇಳಿತು: ಟೇಟ್ ಕೆಟ್ಟವನಲ್ಲ, ಮನೆಯ ಕೆಡುಕು ಅವನಿಂದ ಅದೆಲ್ಲ ಮಾಡಿಸಿತು. ವಯೊಲೆಟ್ ಅವನನ್ನು ಮತ್ತೆ ಒಪ್ಪಿಕೊಂಡಳು. ಏಳು ವರ್ಷದಿಂದ ಅವರಿಬ್ಬರೂ ಒಂದಾಗಲಿ ಅಂತ ಕಾಯುತ್ತಿದ್ದವರು ಸಂಭ್ರಮಿಸಿದರು. ಉಳಿದವರಿಗೆ ಅದು ಕೊಲೆಗೆ ಕೊಟ್ಟ ಮಾಫಿ ಅನಿಸಿತು. ನಾನು ಎರಡನೆಯವರ ಕಡೆ. ಅಭಿಮಾನಿಗಳು ಕೇಳಿದ್ದನ್ನೆಲ್ಲ ಕೊಟ್ಟರೆ ಕಥೆಯ ಬೆನ್ನೆಲುಬು ಮುರಿಯುತ್ತದೆ. ಆ ಸೀಸನ್ ಕೊನೆಗೆ ಕಾಲವನ್ನೇ ಹಿಂದಕ್ಕೆ ತಿರುಗಿಸಿ, ನಡೆದದ್ದನ್ನೆಲ್ಲ ಅಳಿಸಿಬಿಟ್ಟಿತು. ‘ಕೋವನ್’ನಲ್ಲಿ ಎದ್ದ ದೂರೇ ಮತ್ತೆ ಬಂತು.

‘1984’ ಬೇಸಿಗೆ ಶಿಬಿರದಲ್ಲಿ ಕೊಲೆಗಾರ ಬರುವ ಹಳೇ ಸಿನಿಮಾಗಳ ಧಾಟಿಯಲ್ಲಿದೆ. ಇವಾನ್ ಪೀಟರ್ಸ್ ಇಲ್ಲ, ಸಾರಾ ಪಾಲ್ಸನ್ ಇಲ್ಲ. ಇದು ಬರೀ ಹಗುರ ಅಂತ ಎಲ್ಲರೂ ಅಂದುಕೊಂಡಿದ್ದೆವು. ಕೊನೆಯ ಎಪಿಸೋಡಿನಲ್ಲಿ ಒಬ್ಬ ಮಗ ತನ್ನ ಅಪ್ಪನನ್ನು ಹುಡುಕಿಕೊಂಡು ಆ ಶಿಬಿರಕ್ಕೆ ಬರುತ್ತಾನೆ. ಅಪ್ಪ ಅಲ್ಲಿ ದೆವ್ವ. ಮಗನನ್ನು ಉಳಿಸಲು ಅಲ್ಲಿನ ದೆವ್ವಗಳೆಲ್ಲ ಒಂದಾಗುತ್ತವೆ. ಹೋಗುವ ಮಗನನ್ನು ಅಪ್ಪ ದೂರದಲ್ಲಿ ನಿಂತು ನೋಡುತ್ತಾನೆ. ಈ ಕೊನೆ ಬಹಳ ಜನಕ್ಕೆ ಹಿಡಿಸಿತು. ಹೆದರಿಕೆಯ ಸರಣಿಯಲ್ಲಿ ಅಷ್ಟು ಸಮಾಧಾನದ ಕೊನೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಮುಂದಿನವನ್ನು ಬೇಗ ಹೇಳಿಬಿಡುತ್ತೇನೆ. ಕೊರೊನಾದಿಂದ ಹತ್ತನೇ ಸೀಸನ್ ಒಂದು ವರ್ಷ ತಡವಾಗಿ, 2021ರಲ್ಲಿ ಬಂತು. ಎರಡು ಕಥೆ: ಒಂದು 6 ಎಪಿಸೋಡ್, ಇನ್ನೊಂದು 4. ಪ್ರತಿಭೆ ಹೆಚ್ಚಿಸಿ ರಕ್ತದ ದಾಹ ಹತ್ತಿಸುವ ಕಪ್ಪು ಮಾತ್ರೆಯ ಕಥೆ ಸೊಗಸಾಗಿ ಶುರುವಾಗಿ, ಕೊನೆಯ ಎಪಿಸೋಡಿನಲ್ಲಿ ಓಡಿಹೋದ ಹಾಗೆ ಮುಗಿಯಿತು. ‘ಡೆಲಿಕೇಟ್’ ಬಂದಾಗ ಹಾಲಿವುಡ್‌ನಲ್ಲಿ ಬರಹಗಾರರ, ನಟರ ಮುಷ್ಕರ. 2023ರಲ್ಲಿ 5 ಎಪಿಸೋಡ್ ತೋರಿಸಿ, ಉಳಿದ 4ಕ್ಕೆ 2024ರ ಏಪ್ರಿಲ್‌ವರೆಗೆ ಕಾಯಿಸಿದರು. ರಿಯಾಲಿಟಿ ಶೋ ತಾರೆ ಕಿಮ್ ಕಾರ್ಡಾಶಿಯನ್ ನಟಿಸುತ್ತಾರೆ ಅಂದಾಗಲೇ ಅರ್ಧ ಜನ ತೀರ್ಪು ಕೊಟ್ಟಾಗಿತ್ತು. ಆಮೇಲೆ ನೋಡಿದವರಲ್ಲಿ ಹಲವರು ಅವರು ಅಂದುಕೊಂಡದ್ದಕ್ಕಿಂತ ವಾಸಿ ಅಂದರು. ಆದರೆ ಬಸಿರಿಯೊಬ್ಬಳ ನೋವನ್ನು ಯಾರೂ ನಂಬದಿರುವ ಆ ಒಳ್ಳೇ ಕಥೆ ಕೊನೆಗೆ ಆತುರದಲ್ಲಿ ಸೋತಿತು.

ನಡುವೆ 2022ರಲ್ಲಿ ‘ಎನ್‌ವೈಸಿ’ ಬಂದು ಹೋಯಿತು. ಇದರ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. 1981ರ ನ್ಯೂಯಾರ್ಕ್. ಸಲಿಂಗಿ ಗಂಡಸರನ್ನು ಒಬ್ಬ ಕೊಲೆಗಾರ ಕೊಲ್ಲುತ್ತಿದ್ದಾನೆ, ಪೊಲೀಸರಿಗೆ ಅದು ಬೇಕಿಲ್ಲ. ಜೊತೆಗೆ ಯಾವುದೋ ಕಾಯಿಲೆ ಹರಡುತ್ತಿದೆ. ನಿಜದಲ್ಲೂ ಆ ವರ್ಷದ ಜೂನ್‌ನಲ್ಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಆಮೇಲೆ ಏಡ್ಸ್ ಅಂತ ಹೆಸರು ಪಡೆದ ಕಾಯಿಲೆಯ ಮೊದಲ ವರದಿ ಕೊಟ್ಟಿತ್ತು. ಚರ್ಮದ ಮುಖವಾಡದ ಬಿಗ್ ಡ್ಯಾಡಿ ಅನ್ನುವ ದೈತ್ಯ ಮಾತಿಲ್ಲದೆ ಹಿಂಬಾಲಿಸುತ್ತಾನೆ. ಅವನು ಯಾರು ಅಂತ ಕೊನೆಯವರೆಗೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕೊನೆಯ ಭಾಗದಲ್ಲಿ ಗಂಡಸರು ಒಬ್ಬರ ಹಿಂದೆ ಒಬ್ಬರು ನೆಲದಲ್ಲಿ ತೋಡಿದ ಗುಂಡಿಯೊಳಗೆ ಬೀಳುತ್ತಾರೆ. ಪ್ಯಾಟ್ರಿಕ್ ಸಾಯುವಾಗ ಅವನ ಸಂಗಾತಿ ಜಿನೋ ಅವನನ್ನು ನೋಡಿಕೊಳ್ಳುವ ದೃಶ್ಯಗಳನ್ನು ನಾನು ಒಂದೇ ಸಲಕ್ಕೆ ನೋಡಲಾಗದೆ ನಿಲ್ಲಿಸಿದೆ.

ಇದು ಹಾರರೇ ಅಲ್ಲ ಅಂತ ಹಳೇ ಅಭಿಮಾನಿಗಳಲ್ಲಿ ಹಲವರು ಅಂದರು. ಸರಣಿಯ ಹೆಸರೇ ತಪ್ಪು ಅಂದವರೂ ಇದ್ದಾರೆ. ಆದರೆ ಆ ಕಾಲವನ್ನು ಬದುಕಿದವರು, ಸ್ನೇಹಿತರನ್ನು ಕಳೆದುಕೊಂಡವರು ಬೇರೆ ಹೇಳಿದರು. ಲ್ಯಾಂಗ್ ಹೋದ ಮೇಲಿನ ಸೀಸನ್‌ಗಳಲ್ಲಿ ನನಗೆ ಇದೇ ಶ್ರೇಷ್ಠ. ಮೊದಲ ಎರಡು ಎಪಿಸೋಡ್ ನಿಧಾನ, ಒಪ್ಪುತ್ತೇನೆ. ಹಲವರು ಅಲ್ಲೇ ಬಿಟ್ಟರು. ದಯವಿಟ್ಟು ಬಿಡಬೇಡಿ.

2025ರ ಹ್ಯಾಲೋವೀನ್ ದಿನ 13ನೇ ಸೀಸನ್‌ನ ತಂಡವನ್ನು ಪ್ರಕಟಿಸಿದರು. ಸಾರಾ ಪಾಲ್ಸನ್, ಇವಾನ್ ಪೀಟರ್ಸ್, ಆ್ಯಂಜೆಲಾ ಬ್ಯಾಸೆಟ್, ಕ್ಯಾಥಿ ಬೇಟ್ಸ್, ಎಮ್ಮಾ ರಾಬರ್ಟ್ಸ್. ಹೊಸದಾಗಿ ಗಾಯಕಿ ಅರಿಯಾನಾ ಗ್ರಾಂಡೆ. ಜೊತೆಗೆ ಜೆಸ್ಸಿಕಾ ಲ್ಯಾಂಗ್. ಈ ಸರಣಿಯನ್ನು ‘ಕೋವನ್’ ಕಾಲದಿಂದ ನೋಡುತ್ತಿರುವ, ‘ಡೆಲಿಕೇಟ್’ ಮುಗಿದಾಗ ಇನ್ನು ಸಾಕು ಅಂದಿದ್ದ ನನ್ನ ತಂಗಿ ಅವತ್ತು ರಾತ್ರಿಯೇ ಫೋನ್ ಮಾಡಿದಳು. ಕಥೆ ಏನು, ಯಾವ ಊರು, ಯಾವ ದೆವ್ವ, ಒಂದನ್ನೂ ಕೇಳಲಿಲ್ಲ. “ಜೆಸ್ಸಿಕಾ ಲ್ಯಾಂಗ್ ಬರ್ತಿದ್ದಾರಂತೆ, ನೋಡಿದ್ಯಾ?” ಅಂದಳು.